ಬಾಗಿಲಲ್ಲಿ ಕೇಳಿದ ಪ್ರಶ್ನೆ

ವಕೀಲನಾಗಬೇಕಾದರೆ ಏನು ಬೇಕು? ಕಾನೂನಿನ ತಿಳಿವಳಿಕೆ ಬೇಕು, ಅದಕ್ಕೆ ಪರೀಕ್ಷೆಯಿದೆ. ಒಳ್ಳೆಯ ನಡತೆಯೂ ಬೇಕು. ಕಕ್ಷಿಗಾರನ ಹಣವನ್ನೂ ಗುಟ್ಟನ್ನೂ ಕಾಯುವವನು ನಂಬಿಕೆಗೆ ಅರ್ಹನಾಗಿರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಡತೆಯನ್ನು ಅಳೆಯಲು ಕುಳಿತವರು ಅಭಿಪ್ರಾಯವನ್ನೂ ಅಳೆಯತೊಡಗಿದರೆ? ಅದಕ್ಕೆ ಮಣಿಯದೆ ತಮ್ಮ ವೃತ್ತಿಯನ್ನೇ ತೆತ್ತ ಒಬ್ಬರ ಕಥೆ ಇದು.

1950ರ ನವೆಂಬರ್ ತಿಂಗಳು. ಅಮೆರಿಕದ ಷಿಕಾಗೊ ನಗರ. ಗ್ರೀಸಿನಿಂದ ವಲಸೆ ಬಂದವರ ಮಗನಾದ ಜಾರ್ಜ್ ಅನಾಸ್ಟಾಪ್ಲೊ ಅವರಿಗೆ ಆಗ 25 ವರ್ಷ. ಎರಡನೆಯ ಮಹಾಯುದ್ಧದಲ್ಲಿ ವಾಯುದಳದಲ್ಲಿ ದುಡಿದು ಬಂದಿದ್ದ ಅವರು ಷಿಕಾಗೊ ವಿಶ್ವವಿದ್ಯಾನಿಲಯದ ಪ್ರತಿಭಾವಂತ ಕಾನೂನು ವಿದ್ಯಾರ್ಥಿ. ವಕೀಲರ ಪರೀಕ್ಷೆಯೂ ತೇರ್ಗಡೆಯಾಗಿತ್ತು. ಇನ್ನು ಶೀಲ ಮತ್ತು ಅರ್ಹತೆಯನ್ನು ವಿಚಾರಿಸುವ ಸಮಿತಿ ಒಪ್ಪಿಗೆ ಕೊಟ್ಟರೆ ಸನ್ನದು ಕೈಸೇರುತ್ತಿತ್ತು.

ಕಾಲ ಕೆಟ್ಟಿತ್ತು. ಕೊರಿಯಾ ಯುದ್ಧ ಆರಂಭವಾಗಿತ್ತು. ಸೆನೆಟರ್ ಮೆಕಾರ್ಥಿಯವರ ಆಪಾದನೆಗಳು ದೇಶವನ್ನೆಲ್ಲ ಕಲಕಿದ್ದವು. ಸಂವಿಧಾನದ ಮೂಲತತ್ವಗಳನ್ನು ಬರೆಯಿರೆಂದು ಅರ್ಜಿಯಲ್ಲಿ ಕೇಳಿದ್ದಕ್ಕೆ ಅನಾಸ್ಟಾಪ್ಲೊ, ಸರಕಾರ ತನ್ನ ಉದ್ದೇಶಕ್ಕೇ ಮಾರಕವಾದಾಗ ಅದನ್ನು ಬದಲಿಸುವ ಹಕ್ಕು ಜನರಿಗಿದೆ ಎಂಬುದನ್ನೂ ಸೇರಿಸಿದ್ದರು. ಇದು ಅವರು ಹುಟ್ಟುಹಾಕಿದ ಮಾತಲ್ಲ. 1776ರ ಸ್ವಾತಂತ್ರ್ಯ ಘೋಷಣೆಯದೇ ಮಾತು. ಸಮಿತಿಯವರಿಗೆ ಮಾತ್ರ ಅದರಲ್ಲಿ ಬೇರೇನೋ ಕಂಡಿತು. ನೀವು ಕಮ್ಯೂನಿಸ್ಟ್ ಪಕ್ಷದ ಸದಸ್ಯರೇ ಎಂದು ಕೇಳಿದರು.

ಅನಾಸ್ಟಾಪ್ಲೊ ಉತ್ತರಿಸಲಿಲ್ಲ. ಅವರು ಆ ಪಕ್ಷದವರೆನ್ನುವುದಕ್ಕೆ ಯಾವ ಪುರಾವೆಯೂ ಇರಲಿಲ್ಲ. ‘ಅಲ್ಲ’ ಎಂಬ ಒಂದೇ ಮಾತಿನಿಂದ ಬಾಗಿಲು ತೆರೆಯಬಹುದಾಗಿತ್ತು. ಆದರೆ ಪ್ರಜೆಯ ರಾಜಕೀಯ ನಂಬಿಕೆಯನ್ನು ಕೆದಕುವ ಅಧಿಕಾರ ಸಮಿತಿಗಿಲ್ಲ ಎಂಬುದು ಅವರ ನಿಲುವು. ಆ ಪ್ರಶ್ನೆಗೆ ಒಮ್ಮೆ ಉತ್ತರ ಕೊಟ್ಟರೆ, ಅದನ್ನು ಕೇಳುವ ಹಕ್ಕನ್ನೇ ಒಪ್ಪಿಕೊಂಡಂತೆ ತಾನೆ?

ಸನ್ನದು ಸಿಗಲಿಲ್ಲ. 1954ರಲ್ಲಿ ಇಲಿನಾಯ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. 1957ರಲ್ಲಿ ಇಂಥವೇ ಎರಡು ಮೊಕದ್ದಮೆಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅರ್ಜಿದಾರರ ಪರವಾಗಿ ತೀರ್ಪಿತ್ತಾಗ ಅವರು ಮತ್ತೆ ಬಾಗಿಲು ತಟ್ಟಿದರು. ಮತ್ತೆ ಅದೇ ಪ್ರಶ್ನೆ, ಅದೇ ಮೌನ. 1960ರ ಡಿಸೆಂಬರಿನಲ್ಲಿ ವಕೀಲರಲ್ಲದ ಈ ವಕೀಲರು ದೇಶದ ಪರಮೋಚ್ಚ ನ್ಯಾಯಪೀಠದ ಮುಂದೆ ತಮ್ಮ ವಾದವನ್ನು ತಾವೇ ಮಂಡಿಸಿದರು.

ತೀರ್ಪು 1961ರ ಏಪ್ರಿಲ್ 24ರಂದು ಬಂತು. ಐವರು ವಿರುದ್ಧ, ನಾಲ್ವರು ಪರ. ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಹಾರ್ಲನ್ ಅನಾಸ್ಟಾಪ್ಲೊ ಅವರನ್ನು ದ್ರೋಹಿಯೆನ್ನಲಿಲ್ಲ. ವಕೀಲರಾಗಬಯಸುವವರನ್ನು ವಿಚಾರಿಸುವುದು ರಾಜ್ಯದ ಹಕ್ಕು. ಉತ್ತರ ನಿರಾಕರಿಸಿದರೆ ಆ ವಿಚಾರಣೆಗೆ ಅಡ್ಡಿಯಾಗುತ್ತದೆ ಎಂಬುದು ಅವರ ತರ್ಕ. ಭಿನ್ನಮತ ಬರೆದವರು ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್. ಸರಕಾರಕ್ಕೆ ಅಂಜುವ ಪುಕ್ಕಲರ ಗುಂಪನ್ನಾಗಿ ವಕೀಲವರ್ಗವನ್ನು ಮಾರ್ಪಡಿಸುವುದೆಂದರೆ ಅದನ್ನು ಹೀನಗೊಳಿಸಿದಂತೆ ಎಂದು ಅವರು ಎಚ್ಚರಿಸಿದರು. ಅಂಜುವ ವಕೀಲನು ಅಂಜಿದ ಕಕ್ಷಿಗಾರನ ಪರವಾಗಿ ಹೇಗೆ ನಿಂತಾನು?

ಹತ್ತು ವರ್ಷ ಕಳೆಯಿತು. 1971ರ ಫೆಬ್ರವರಿಯಲ್ಲಿ ಅರಿಜೋನಾ ಮತ್ತು ಒಹಾಯೊ ರಾಜ್ಯಗಳ ಎರಡು ಮೊಕದ್ದಮೆಗಳಲ್ಲಿ, ಇಂಥ ಪ್ರಶ್ನೆಗೆ ಉತ್ತರಿಸಲಿಲ್ಲವೆಂದು ಸನ್ನದು ನಿರಾಕರಿಸಿದ್ದು ಸಲ್ಲದೆಂದು ಅದೇ ಸುಪ್ರೀಂ ಕೋರ್ಟು ಹೇಳಿತು. ಅಲ್ಲಿಯೂ ಅಂತರ ಒಂದೇ ಮತ. ಬ್ಲ್ಯಾಕ್ ಈ ಬಾರಿ ಗೆದ್ದವರ ಪಕ್ಷದಲ್ಲಿದ್ದರು. ಆ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ಅಂತ್ಯಕ್ರಿಯೆಯ ವೇಳೆ ಓದಿದ್ದು ಅನಾಸ್ಟಾಪ್ಲೊ ಮೊಕದ್ದಮೆಯ ಭಿನ್ನಮತದ ಸಾಲುಗಳನ್ನು.

ಅನಾಸ್ಟಾಪ್ಲೊ ಮಾತ್ರ ವಕೀಲಿಗೆ ಮರಳಲಿಲ್ಲ. ಮೇಷ್ಟರಾದರು; ಸಂವಿಧಾನದ ಬಗೆಗೆ ಗ್ರಂಥಗಳನ್ನು ಬರೆದರು; ಷಿಕಾಗೊದ ಲೊಯೋಲ ವಿಶ್ವವಿದ್ಯಾನಿಲಯದಲ್ಲಿ ನಾಳಿನ ವಕೀಲರಿಗೆ ಕಾನೂನು ಕಲಿಸಿದರು. 2014ರಲ್ಲಿ ನಿಧನರಾದರು. ಅವರಿಂದ ಪಾಠ ಕೇಳಿದವರು ಸನ್ನದು ಪಡೆದು ನ್ಯಾಯಾಲಯದೊಳಗೆ ನಡೆದರು. ಗುರುಗಳು ಹೊರಗೇ ಉಳಿದರು.

ಸೋತದ್ದು ಯಾರು? ಒಂದು ಸನ್ನದನ್ನು ಅವರು ಕಳೆದುಕೊಂಡದ್ದು ನಿಜ. ಆದರೆ ಅಂಜದ ಒಬ್ಬ ವಕೀಲರನ್ನು ಕಳೆದುಕೊಂಡದ್ದು ನ್ಯಾಯಾಲಯ.