ಪಟ್ಟಣದ ಮನೆಗಳೂ ಹೊರಗಿನ ಗದ್ದಲವೂ

ಸದ್ದು ಕಿವಿಗೆ ಬೀಳುವ ವಸ್ತು. ಗದ್ದಲವೆಂಬುದು ಅದಕ್ಕೆ ಮನಸ್ಸು ಇಡುವ ಹೆಸರು. ಮದುವೆಯ ಮನೆಯವರಿಗೆ ಓಲಗವು ಮಂಗಳವಾದ್ಯ. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುತ್ತಿರುವ ಹುಡುಗನಿಗೆ ಅದೇ ಪೀಡೆ. ಮನೆಯೊಳಕ್ಕೆ ನುಗ್ಗುವ ಸದ್ದನ್ನು ಪಟ್ಟಣಿಗರು ಹೇಗೆ ಭಾವಿಸುತ್ತ ಬಂದರು, ಅವರಲ್ಲಿ ಯಾರ ದೂರು ಕೇಳಿಸಿತು, ಯಾರದು ಕೇಳಿಸಲಿಲ್ಲ ಎಂಬುದಕ್ಕೂ ಒಂದು ಚರಿತ್ರೆಯುಂಟು. ಉಪಾಧ್ಯಾಯರಾದ ನಾವು ಅದನ್ನು ತಿಳಿಯುವುದು ಅವಶ್ಯ. ಏಕೆಂದರೆ ಆ ಚರಿತ್ರೆ ಕಡೆಗೆ ಬಂದು ನಿಲ್ಲುವುದು ಮಕ್ಕಳ ಓದಿನಲ್ಲಿ.

ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರವನ್ನು ಮೊದಲು ನೋಡೋಣ. ಅಲ್ಲಿಯ ಬೀದಿಗಳಲ್ಲಿ ಹಿಡಿ ತಿರುಗಿಸಿ ನುಡಿಸುವ ವಾದ್ಯದ ಪೆಟ್ಟಿಗೆಗಳನ್ನು ಹೊತ್ತವರು ಮನೆಮನೆಯ ಮುಂದೆ ನಿಂತು ಕಾಸು ಬೇಡುತ್ತಿದ್ದರು. ಪ್ರಸಿದ್ಧ ಲೇಖಕ ಥಾಮಸ್ ಕಾರ್ಲೈಲರು ಇಂತಹ ಸದ್ದನ್ನೂ ನೆರೆಮನೆಯ ಕೋಳಿಗಳ ಕೂಗನ್ನೂ ತಾಳಲಾರದೆ, 1853ರಲ್ಲಿ ತಮ್ಮ ಮನೆಯ ಮಾಳಿಗೆಯ ಮೇಲೆ ಜೋಡಿಗೋಡೆಗಳ ಕೋಣೆಯೊಂದನ್ನು ಕಟ್ಟಿಸಹೊರಟರು. ಬಯಸಿದ ನಿಶ್ಶಬ್ದ ಅಲ್ಲಿಯೂ ದೊರೆಯಲಿಲ್ಲ. ಗಣಕಯಂತ್ರದ ಕಲ್ಪನೆಗೆ ರೂಪುಕೊಟ್ಟ ಚಾರ್ಲ್ಸ್ ಬ್ಯಾಬೇಜರು, ತಮ್ಮ ದುಡಿಮೆಯ ಶಕ್ತಿಯಲ್ಲಿ ಕಾಲುಪಾಲು ಬೀದಿಸಂಗೀತದಿಂದ ಹಾಳಾಯಿತೆಂದು 1864ರಲ್ಲಿ ಬರೆದರು. ಅದೇ ವರ್ಷ ಮೈಕೇಲ್ ಬಾಸ್ ಎಂಬ ಪಾರ್ಲಿಮೆಂಟ್ ಸದಸ್ಯರ ಯತ್ನದಿಂದ ಕಾಯಿದೆಯಾಯಿತು. ಕಾಯಿಲೆಯಿದ್ದರೆ ಅಥವಾ ಕೆಲಸಕ್ಕೆ ಅಡ್ಡಿಯಾದರೆ ವಾದ್ಯದವರನ್ನು ದೂರ ಕಳುಹಿಸುವ ಅಧಿಕಾರ ಮನೆಯವರಿಗೆ ದೊರಕಿತು. ಆದರೆ ಮನೆಗಳ ಆಳುಕಾಳುಗಳೂ ಮಕ್ಕಳೂ ಆ ಸಂಗೀತಕ್ಕೆ ಪ್ರೋತ್ಸಾಹ ಕೊಡುವವರೆಂದು ಬ್ಯಾಬೇಜರೇ ಹೇಳಿದ್ದಾರೆ. ಒಂದೇ ರಾಗ ಒಬ್ಬರಿಗೆ ವಿನೋದ, ಮತ್ತೊಬ್ಬರಿಗೆ ಉಪದ್ರವ. ಕಾನೂನು ನಿಂತದ್ದು ಲೇಖನಿ ಹಿಡಿದವರ ಪಕ್ಷದಲ್ಲಿ.

ಎಲ್ಲರನ್ನೂ ಕೇಳುವ ಯತ್ನ ನಡೆದದ್ದು ಅಮೆರಿಕದ ನ್ಯೂಯಾರ್ಕಿನಲ್ಲಿ. 1929ರಲ್ಲಿ ಆ ನಗರದ ಆರೋಗ್ಯಾಧಿಕಾರಿಗಳು ಗದ್ದಲ ನಿವಾರಣೆಗಾಗಿ ಒಂದು ಆಯೋಗವನ್ನು ನೇಮಿಸಿದರು. ಪತ್ರಿಕೆಗಳಲ್ಲಿ ಪ್ರಶ್ನಾವಳಿ ಅಚ್ಚಾಯಿತು. 11 ಸಾವಿರಕ್ಕೂ ಮಿಕ್ಕು ಉತ್ತರಗಳು ಬಂದವು. ಜನ ಹೆಚ್ಚಾಗಿ ದೂರಿದ್ದು ಲಾರಿ, ಮೋಟಾರು, ಹಾರ್ನುಗಳನ್ನು; ರೇಡಿಯೊದ ಮೇಲೂ ದೂರುಗಳಿದ್ದವು. ಡೆಸಿಬೆಲ್ ಎಂಬ ಹೊಸ ಮಾನದಿಂದ ಸದ್ದನ್ನು ಅಳೆಯಲು ಉಪಕರಣ ಹೊತ್ತ ವಾಹನವೊಂದು ಊರೆಲ್ಲ ಸುತ್ತಿತು. ಒಬ್ಬಿಬ್ಬರು ವಿದ್ವಾಂಸರ ಸಂಕಟವೆನಿಸಿದ್ದುದು ಹೀಗೆ ಊರಿನ ಸಮಸ್ಯೆಯಾಯಿತು.

ಆದರೂ ಒಂದು ವರ್ಗ ಉಳಿದೇ ಹೋಯಿತು. ದೂರು ಕೊಡುವವನಿಗೆ ಸದ್ದು ತೊಂದರೆಯೆಂದು ತೋರಬೇಕಷ್ಟೆ. ಹುಟ್ಟಿದಂದಿನಿಂದ ಗದ್ದಲದಲ್ಲೇ ಬೆಳೆದ ಮಗುವಿಗೆ ಅದು ತೋರುವುದು ಹೇಗೆ? "ನಮಗೆ ರೂಢಿಯಾಗಿದೆ" ಎಂದು ಹಿರಿಯರೇ ಹೇಳುವಾಗ ಮಗು ಏನು ಹೇಳೀತು?

ಇದಕ್ಕೆ ಉತ್ತರ ದೊರೆತದ್ದು 1973ರಲ್ಲಿ. ನ್ಯೂಯಾರ್ಕಿನಲ್ಲಿ ಹೆದ್ದಾರಿಯ ನೆತ್ತಿಯ ಮೇಲೆಯೇ 32 ಅಂತಸ್ತುಗಳ ನಾಲ್ಕು ವಸತಿ ಕಟ್ಟಡಗಳು ನಿಂತಿವೆ. ಕೆಳಗಿನ ಅಂತಸ್ತುಗಳಿಗೆ ಸದ್ದು ಹೆಚ್ಚು. ಮೇಲೆ ಹೋದಷ್ಟೂ ಕಡಿಮೆ. ಕೋಹೆನ್, ಗ್ಲಾಸ್, ಸಿಂಗರ್ ಎಂಬ ಸಂಶೋಧಕರು ಅಲ್ಲಿ ನಾಲ್ಕು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ವಾಸಿಸಿದ್ದ ಮಕ್ಕಳನ್ನು ಪರೀಕ್ಷಿಸಿದರು. ಕೆಳಗಿನ ಅಂತಸ್ತುಗಳ ಮಕ್ಕಳು ಒಂದನ್ನೊಂದು ಹೋಲುವ ಶಬ್ದಗಳ ಭೇದವನ್ನು ಗುರುತಿಸುವಲ್ಲಿ ಹಿಂದಿದ್ದರು; ಓದಿನಲ್ಲೂ ಹಿಂದಿದ್ದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ "ಕಲ್ಲು", "ಕಳ್ಳು" ಎಂಬ ಮಾತುಗಳ ಅಂತರ ಹಿಡಿಯಲಾರದ ಸ್ಥಿತಿ. ಸದ್ದಿಗೆ ಕಿವಿಗೊಡದಿರಲು ಕಲಿತ ಮಗು ಮಾತಿಗೂ ಕಿವಿಗೊಡದಾಗುತ್ತದೆ ಎಂಬುದು ಅವರ ವಿವರಣೆ. ರೂಢಿಯೆಂದು ನಾವು ಕರೆಯುವುದಕ್ಕೆ ಮಗು ತೆರುವ ಬೆಲೆ ಇದು.

ಎರಡು ವರ್ಷಗಳ ತರುವಾಯ, 1975ರಲ್ಲಿ, ಆರ್ಲೀನ್ ಬ್ರಾನ್‌ಜಾಫ್ಟ್ ಮತ್ತು ಡೆನ್ನಿಸ್ ಮೆಕಾರ್ತಿ ಅದೇ ನಗರದ ಒಂದು ಪ್ರಾಥಮಿಕ ಶಾಲೆಯ ಫಲಿತಾಂಶ ಪ್ರಕಟಿಸಿದರು. ಶಾಲೆಯ ಪಕ್ಕದಲ್ಲಿ ಎತ್ತರದ ರೈಲುಹಾದಿ. ಹಾದಿಯ ಕಡೆಯ ಕೊಠಡಿಗಳಲ್ಲಿ ಕುಳಿತ ಮಕ್ಕಳು ಓದಿನಲ್ಲಿ ಇನ್ನೊಂದು ಕಡೆಯವರಿಗಿಂತ ಹಿಂದಿದ್ದರು. ಆರನೆಯ ತರಗತಿಯಲ್ಲಿ ಆ ಅಂತರ ಹತ್ತಿರ ಹತ್ತಿರ ಒಂದು ವರ್ಷ. ತರುವಾಯ ಹಳಿಗಳಿಗೆ ರಬ್ಬರಿನ ಮೆತ್ತೆ ಹಾಕಿದರು. ಕೊಠಡಿಗಳಿಗೆ ಸದ್ದು ಹೀರುವ ಒಳಮಾಡು ಹೊದಿಸಿದರು. 1981ರ ವರದಿಯ ವೇಳೆಗೆ ಅಂತರ ಅಳಿದಿತ್ತು. ದೋಷವಿದ್ದುದು ಮಕ್ಕಳ ಬುದ್ಧಿಯಲ್ಲಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ?

ಭಾರತದಲ್ಲಿ 2000ದ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್‌ಗಳ ಮಿತಿಯನ್ನು ಹಾಕಿದವು. ಮಿತಿ ಕಾಗದದ ಮೇಲಿದ್ದರೆ ಸಾಲದು. ಮೀರಿದಾಗ ಹೇಳುವವರು ಬೇಕು. ಬ್ಯಾಬೇಜರಿಗೆ ಲೇಖನಿಯಿತ್ತು, ನ್ಯೂಯಾರ್ಕಿನ ಪೌರರಿಗೆ ಪ್ರಶ್ನಾವಳಿಯಿತ್ತು; ಮಕ್ಕಳಿಗೆ ಇರುವವರು ನಾವು. ಪಾಠದಲ್ಲಿ ತಡವರಿಸುವ ಹುಡುಗನನ್ನು ಮಂದಬುದ್ಧಿಯವನೆಂದು ಕರೆಯುವ ಮುನ್ನ, ಅವನ ಮನೆ ಎಲ್ಲಿದೆ, ಅವನು ಓದಲು ಕೂರುವ ಹೊತ್ತಿಗೆ ಅಲ್ಲಿ ಏನು ಕೇಳಿಸುತ್ತದೆ ಎಂದು ವಿಚಾರಿಸುವುದು ಉಪಾಧ್ಯಾಯ ಧರ್ಮ.