ಮಲೆನಾಡಿನಲ್ಲಿ ಸಂಶೋಧಕವೃತ್ತಿ: ಕೊಪ್ಪದ ತಾತ್ಕಾಲಿಕ ಶಾಖೆಯಿಂದ ಗಣಕದ ಪ್ರತಿರೂಪದವರೆಗೆ

ಡಾಕ್ಟರ್ ಪದವಿಯನ್ನು ಪಡೆದವನ ವ್ಯಾಸಂಗವು ಅಲ್ಲಿಗೆ ಮುಗಿಯಿತೆಂದು ಲೋಕವು ಭಾವಿಸುವುದು ವಾಡಿಕೆ. ವಿಜ್ಞಾನದಲ್ಲಾದರೋ ಸ್ವತಂತ್ರವಾದ ಕಾರ್ಯವು ಪ್ರಾರಂಭವಾಗುವುದೇ ಆಮೇಲೆ. ಗಾಳಿ, ನೀರು, ಮಳೆಗಳ ವ್ಯಾಪಾರವನ್ನು ಗಣಕಯಂತ್ರದಲ್ಲಿ ಪ್ರತಿರೂಪಿಸತಕ್ಕ ಶಾಸ್ತ್ರದಲ್ಲಿ ಇಂದು ಅನೇಕ ಪದವೀಧರರು ಕೆಲವೇ ವರ್ಷಗಳ ಅವಧಿಯ ಹುದ್ದೆಗಳಲ್ಲಿ ದುಡಿಯುತ್ತಿರುವರು. ಅವಧಿಯು ಅಲ್ಪವಾದರೆ ಕಾರ್ಯವು ಫಲಿಸುವುದೆ ಎಂಬ ಪ್ರಶ್ನೆಯು ಹೊಸದಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯ ಚರಿತ್ರೆಯು ಅದಕ್ಕೆ ಒಂದು ಉತ್ತರವನ್ನು ಕೊಡುತ್ತದೆ.

ಕೆನಡಾ ದೇಶದವರಾದ ಲೆಸ್ಲಿ ಕೋಲ್ಮನ್ ಎಂಬವರು ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಮಲೆನಾಡಿನ ಅಡಕೆಯ ತೋಟಗಳನ್ನು ಕಾಡುತ್ತಿದ್ದ ಕೊಳೆರೋಗವೇ ಅವರ ಮೊದಲ ವಿಷಯ. ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುವುದು ಇಲ್ಲಿನ ಕೃಷಿಕರು ಪರಂಪರೆಯಿಂದ ತಿಳಿದಿದ್ದ ಉಪಾಯ. ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಕೋಲ್ಮನ್ನರು ೧೯೧೦ರಲ್ಲಿ ವರ್ಣಿಸಿದರು. ಮೈಲುತುತ್ತ, ಸುಣ್ಣಗಳ ದ್ರಾವಣವನ್ನು ಸಿಂಪಡಿಸುವ ಪದ್ಧತಿಯನ್ನು ರೂಢಿಗೆ ತಂದರು. ಮುಂದೆ ಸಂಸ್ಥಾನದ ವ್ಯವಸಾಯ ಇಲಾಖೆಯ ನಿರ್ದೇಶಕರೂ ಆದರು.

ಕಾಫಿಯ ಎಲೆತುಕ್ಕು ರೋಗದ ಶೋಧನೆಗಾಗಿ ೧೯೧೫ರಲ್ಲಿ ಕೊಪ್ಪದಲ್ಲಿ ಒಂದು ತಾತ್ಕಾಲಿಕ ಶಾಖೆಯು ಏರ್ಪಟ್ಟಿತು. ಹತ್ತು ವರ್ಷಗಳ ತರುವಾಯ, ೧೯೨೫ರಲ್ಲಿ, ಬಾಳೆಹೊನ್ನೂರಿನ ಸಮೀಪದಲ್ಲಿ ಸ್ಥಿರವಾದ ಪ್ರಯೋಗಕೇಂದ್ರವು ಸ್ಥಾಪಿತವಾಯಿತು. ತುಕ್ಕಿನ ಶಿಲೀಂಧ್ರವು ಏಕರೂಪವಲ್ಲ, ಅದರಲ್ಲಿ ಬೇರೆ ಬೇರೆ ಪ್ರಭೇದಗಳುಂಟು ಎಂಬುದನ್ನು ಮೇನ್ ಎಂಬ ವಿಜ್ಞಾನಿಯು ೧೯೩೦ರ ದಶಕದಲ್ಲಿ ಇಲ್ಲಿಯೇ ತೋರಿಸಿದನು. ಪ್ರಸಿದ್ಧವಾದ 'ಎಸ್. ೭೯೫' ತಳಿಯು ಬೆಳೆಗಾರರ ಕೈಸೇರಿದುದು ೧೯೪೦ರ ದಶಕದ ಮಧ್ಯದಲ್ಲಿ. ಕಾಫಿಯ ಗಿಡವು ಫಲ ಬಿಡುವುದಕ್ಕೇ ಮೂರು ನಾಲ್ಕು ವರ್ಷಗಳು ಬೇಕು. ತಲೆಮಾರಿನಿಂದ ತಲೆಮಾರಿಗೆ ಆಯ್ದು ಬೆಳೆಸುವ ಕೆಲಸವನ್ನು ಅಲ್ಪಾವಧಿಯವನು ಆರಂಭಿಸಬಲ್ಲನಲ್ಲದೆ ಮುಗಿಸಲಾರನು.

ಗಣಕಶಾಸ್ತ್ರದ ಸ್ಥಿತಿಯೂ ಇದಕ್ಕೆ ದೂರವಾದುದಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, ೧೯೮೬ರಲ್ಲಿ 'ಫ್ಲೋಸಾಲ್ವರ್' ಎಂಬ ಸಮಾಂತರ ಗಣಕವು ಸಿದ್ಧವಾಯಿತು. ಪ್ರವಾಹಗಳ ಗಣನೆಗಾಗಿ ಹುಟ್ಟಿದ ಈ ಯಂತ್ರಮಾಲೆಯು ಮುಂದೆ ಹವಾಮಾನದ ಗಣನೆಗೂ ಒದಗಿತು. ೧೯೮೮ರಲ್ಲಿ ಗಣಿತೀಯ ಪ್ರತಿರೂಪ ಮತ್ತು ಗಣಕ ಅನುಕರಣಕ್ಕಾಗಿಯೇ ಪ್ರತ್ಯೇಕ ಕೇಂದ್ರವೂ ಅಲ್ಲಿ ಆರಂಭವಾಯಿತು. ಈ ವಿಧಾನದಲ್ಲಿ ವಾಯುಮಂಡಲವನ್ನು ಚೌಕಗಳಾಗಿ ವಿಭಾಗಿಸಿ, ಪ್ರತಿಯೊಂದರ ಒತ್ತಡ, ಉಷ್ಣ, ತೇವ, ಗಾಳಿಗಳನ್ನು ಸಮೀಕರಣಗಳಿಂದ ಮುಂದಿನ ಕ್ಷಣಕ್ಕೆ ಗಣಿಸುವರು. ಚೌಕವು ಘಟ್ಟದ ಅಗಲಕ್ಕಿಂತ ದೊಡ್ಡದಾದರೆ ಬೆಟ್ಟದ ಇಳಿಜಾರೇ ಲೆಕ್ಕದಲ್ಲಿ ಅಳಿದು, ಶೃಂಗೇರಿಯ ಜಡಿಮಳೆಯೂ ಮೂಡಣ ಬಯಲಿನ ತುಂತುರೂ ಒಂದಾಗಿಬಿಡುವುವು. ಗಣನೆಯು ನಿಜವೋ ಅಲ್ಲವೋ ಎಂಬುದನ್ನು ಹಲವು ಮಳೆಗಾಲಗಳ ಅಳತೆಯೊಡನೆ ಹೋಲಿಸಿಯೇ ನಿರ್ಣಯಿಸಬೇಕು. ಅಷ್ಟರಲ್ಲಿ ಅದನ್ನು ರಚಿಸಿದವನ ಅವಧಿಯು ಮುಗಿದಿರುವುದುಂಟು.

ಅಲ್ಪಾವಧಿಯ ಹುದ್ದೆಯು ನಿಷ್ಪ್ರಯೋಜಕವೆಂದು ಹೇಳಲಾಗದು. ಹೊರಗಿನಿಂದ ಬಂದವನು ಹೊಸ ವಿಧಾನವನ್ನು ತರುವನು; ಕೊಪ್ಪದ ತಾತ್ಕಾಲಿಕ ಶಾಖೆಯೇ ಬಾಳೆಹೊನ್ನೂರಿಗೆ ಬೀಜವಾಯಿತು. ಆದರೆ ಬೀಜವನ್ನು ಬಿತ್ತಿದವರು ನೆಲವನ್ನೂ ಕಾದಿರಿಸಿದ್ದರು. ಇಂದಿನ ತರುಣ ಸಂಶೋಧಕರಿಗೂ ಬೇಕಾದುದು ಅಂಥದೇ ನೆಲ.