ಉಪಪಾತ್ರದ ಏಕಾಂತ: ಔರಿಯ ಕಥೆಯಲ್ಲಿ ವಸ್ತುಗಳ ಸ್ಥಾನ

ಅಮೆರಿಕದ ಕಾದಂಬರಿಕಾರ ಪ್ಯಾಟ್ರಿಕ್ ರಾಥ್‌ಫಸ್ ಅವರು ‘ದಿ ನೇಮ್ ಆಫ್ ದಿ ವಿಂಡ್’ (2007), ‘ದಿ ವೈಸ್ ಮ್ಯಾನ್ಸ್ ಫಿಯರ್’ (2011) ಎಂಬ ತಮ್ಮ ಬೃಹತ್ಕೃತಿಗಳಲ್ಲಿ ಕ್ವೋತ್ ಎಂಬ ನಾಯಕನ ಸಾಹಸಗಳನ್ನು ಅವನ ಬಾಯಿಂದಲೇ ಹೇಳಿಸುವಾಗ, ವಿಶ್ವವಿದ್ಯಾಲಯದ ನೆಲದಡಿಯ ಸುರಂಗಗಳಲ್ಲಿ ಒಬ್ಬಳೇ ವಾಸಿಸುತ್ತ, ಅಪರಿಚಿತರ ಸುಳಿವಿಗೇ ಬೆದರಿ ಮರೆಯಾಗುವ ಔರಿ ಎಂಬ ತರುಣಿಯನ್ನು ಅಲ್ಲಲ್ಲಿ ಮಾತ್ರ ಕಾಣಿಸಿದ್ದರು. ಓದುಗರ ಅಕ್ಕರೆಗೆ ಪಾತ್ರಳಾದ ಈಕೆಯೊಬ್ಬಳದೇ ಕಥೆ 2014ರಲ್ಲಿ ಪ್ರಕಟವಾದ ‘ದಿ ಸ್ಲೋ ರಿಗಾರ್ಡ್ ಆಫ್ ಸೈಲೆಂಟ್ ಥಿಂಗ್ಸ್’ ಎಂಬ ಕಿರುಕಾದಂಬರಿ. ಇದನ್ನು ಕೊಳ್ಳದಿರುವುದೇ ಲೇಸಾದೀತೆಂದು ಗ್ರಂಥಕರ್ತರೇ ಮುನ್ನುಡಿಯಲ್ಲಿ ಎಚ್ಚರಿಸಿದ್ದಾರೆ. ಪುಸ್ತಕವ್ಯಾಪಾರದಲ್ಲಿ ಇಂಥ ಮಾತು ವಿರಳವೆಂದೇ ಹೇಳಬೇಕು.

ಏಳು ದಿನಗಳ ಈ ಕಥಾವಧಿಯಲ್ಲಿ ಮನುಷ್ಯರ ನಡುವೆ ಸಂಭಾಷಣೆಯೆಂಬುದೇ ಇಲ್ಲ. ಆದರೂ ಔರಿ ನಿಸ್ಸಂಗಳಲ್ಲ. ಕತ್ತಲಲ್ಲಿ ದಾರಿ ತೋರುವ ಫಾಕ್ಸನ್ ಎಂಬ ಪುಟ್ಟ ಬೆಳಕು ಅವಳಿಗೆ ಸಂಗಾತಿ. ನೀರಿನಲ್ಲಿ ಮುಳುಗಿ ಹುಡುಕಿ ತೆಗೆದ, ಒಂದು ಹಲ್ಲು ಕಳೆದುಕೊಂಡ ಹಿತ್ತಾಳೆಯ ಚಕ್ರ ಮನೆಗೆ ಬಂದ ಮಾನ್ಯ ಅತಿಥಿ. ಪ್ರತಿಯೊಂದು ವಸ್ತುವಿಗೂ ತಕ್ಕ ಹೆಸರೂ ತಕ್ಕ ಎಡೆಯೂ ಉಂಟೆಂದು ನಂಬಿ, ತನ್ನ ಇಚ್ಛೆಯನ್ನು ಅದರ ಮೇಲೆ ಹೇರದೆ, ಅದು ನೆಲೆಗೊಳ್ಳುವ ಸ್ಥಾನ ಯಾವುದೆಂದು ಅರಸುತ್ತ ಅವಳು ಕೋಣೆಯಿಂದ ಕೋಣೆಗೆ ಅಲೆಯುತ್ತಾಳೆ. ನಮ್ಮ ಆಲಂಕಾರಿಕರ ಮತದಲ್ಲಿ ಸ್ಥಳ, ಬೆಳಕು ಮುಂತಾದುವು ಭಾವವನ್ನು ಕೆರಳಿಸುವ ಉದ್ದೀಪನವಿಭಾವದ ಕಕ್ಷೆಗೆ ಸೇರತಕ್ಕವು. ಭಾವಕ್ಕೆ ಆಲಂಬನವಾಗತಕ್ಕುದು ಪ್ರಾಯಶಃ ವ್ಯಕ್ತಿಯೇ. ಇಲ್ಲಿ ಆ ಕ್ರಮ ವಿಪರ್ಯಸ್ತವಾಗಿ ಜಡವಸ್ತುಗಳೇ ಆಲಂಬನವಾಗುತ್ತವೆ. ಮೂಲಕಥೆಯ ನಾಯಕನಾದರೋ ಹೆಸರನ್ನೂ ಕಳೆದುಕೊಂಡು, ಬರಲಿರುವ ‘ಅವನು’ ಎಂಬ ಸರ್ವನಾಮಮಾತ್ರನಾಗಿ, ಅವಳ ಸಡಗರಕ್ಕೆ ಉದ್ದೀಪನವಾಗಿ ಹಿಂದೆ ಸರಿಯುತ್ತಾನೆ. ಕೃತಿಯ ಅಪೂರ್ವತೆ ಈ ಸ್ಥಾನಪಲ್ಲಟದಲ್ಲಿದೆಯೆಂಬುದು ನನ್ನ ಅಭಿಪ್ರಾಯ.

ಔರಿ ಸಾಬೂನು ಕಾಯಿಸುವುದನ್ನು ಪುಟಗಟ್ಟಲೆ ವರ್ಣಿಸಿರುವುದು ಕ್ರಿಯಾಶೂನ್ಯತೆಗೆ ನಿದರ್ಶನವೆಂಬ ಆಕ್ಷೇಪ ಉಂಟು. ಆಕ್ಷೇಪಿಸುವವರು ಔರಿ ಹಿಂದೊಮ್ಮೆ ಮ್ಯಾಂಡ್ರಾಗ್ ಎಂಬ ರಸವಾದಿಯಲ್ಲಿ ಕಲಿತವಳೆಂಬ ಸೂಚನೆಯನ್ನು ಲಕ್ಷಿಸಿದಂತೆ ತೋರದು. ಕೊಬ್ಬಿಗೂ ಕ್ಷಾರಕ್ಕೂ ಪಾಕ ಹೊಂದಿಸುವ ಆ ಕೈಗಳಲ್ಲಿ ಭಗ್ನವಾದ ವಿದ್ಯೆಯೊಂದು ಇನ್ನೂ ಜೀವದಿಂದಿದೆ. ಅವಳ ಪೂರ್ವವೃತ್ತಾಂತವಾಗಿ ನಮಗೆ ದೊರಕುವುದು ಬಹುಮಟ್ಟಿಗೆ ಇಷ್ಟೇ. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಮಂಥರೆಯ ನಡತೆಗೆ ಮಮತೆಯೆಂಬ ಕಾರಣವನ್ನಿತ್ತು ಅವಳನ್ನು ಉದ್ಧರಿಸಿದರು. ರಾಥ್‌ಫಸ್ ಅವರು ಅಂಥ ಕಾರಣವನ್ನು ಒದಗಿಸಹೋಗಿಲ್ಲ. ಔರಿಯ ಮನಸ್ಸು ಒಡೆದುದು ಹೇಗೆಂದು ಹೇಳಿದ್ದರೆ ಓದುಗನು ಕನಿಕರಪಟ್ಟು ಸುಮ್ಮನಾಗುತ್ತಿದ್ದನೇನೋ. ಹೇಳದಿರುವುದರಿಂದ ಅವಳ ಕಣ್ಣಿನಿಂದಲೇ ನೋಡುವುದು ಅನಿವಾರ್ಯವಾಗುತ್ತದೆ.

ದೋಷಗಳಿಲ್ಲವೆಂದಲ್ಲ. ಪ್ರಾಸಾನುಪ್ರಾಸಗಳ ಮೋಹ ಅಲ್ಲಲ್ಲಿ ಅತಿಯಾಗಿ, ಮಾಧುರ್ಯವೇ ಬೇಸರಕ್ಕೆ ಎಡೆಗೊಡುತ್ತದೆ. ನಡುವಣ ದಿನಗಳಲ್ಲಿ ಪುನರುಕ್ತಿಯೂ ಇದೆ. ಮೂಲಕಾದಂಬರಿಗಳನ್ನು ಓದದವರು ಇದನ್ನು ಮೊದಲಿಗೆ ಕೈಗೆತ್ತಿಕೊಳ್ಳದಿರುವುದು ಒಳ್ಳೆಯದು. ಓದಿದವರು ಮಾತ್ರ ನಾಯಕನ ಮುಂದಿನ ಕಥೆಯನ್ನು ಇಲ್ಲಿ ಹುಡುಕಬಾರದು.